ದೂರು ಕೊಟ್ಟ ಮೇಲೆ ಸಾಲದ ಲೆಕ್ಕವನ್ನೇ ಕೊಡುವುದಿಲ್ಲ ಎಂದರೆ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವನು. 2024ರ ನವೆಂಬರ್‌ನಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ 6 ಲಕ್ಷ ರೂಪಾಯಿ ಸಾಲ ಪಡೆದು ಪಿಕಪ್ ಗಾಡಿ ಕೊಂಡೆ. ನಾನೇ ಓಡಿಸುತ್ತೇನೆ; ತೋಟಗಳಿಂದ ಕಾಫಿ, ಮೆಣಸಿನ ಮೂಟೆಗಳನ್ನು ಬಾಡಿಗೆಗೆ ಸಾಗಿಸುತ್ತೇನೆ. ಬಡ್ಡಿ ವರ್ಷಕ್ಕೆ ಶೇ. 12, ಬದಲಾಗದ ದರ. 48 ಕಂತು, ತಿಂಗಳಿಗೆ 15,800. ಇದುವರೆಗೆ 14 ಕಂತು ಕಟ್ಟಿದ್ದೇನೆ. ಮಳೆಗಾಲದಲ್ಲಿ ಬಾಡಿಗೆ ಇಲ್ಲದೆ ಎರಡು ಕಂತು ತಲಾ 20 ದಿನ ತಡವಾದವು. ಈಗ ಸಾಲ ತೀರಿಸಿಬಿಡೋಣ ಎಂದು ನೋಡಿದರೆ ಆ್ಯಪ್ 4,98,000 ತೋರಿಸುತ್ತದೆ. ಇಷ್ಟು ಹೇಗಾಯಿತು ಎಂದು ದೂರು ಕೊಟ್ಟೆ. ಅಂದಿನಿಂದ ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ತೆರೆಯುತ್ತಿಲ್ಲ. ಚಿಕ್ಕಮಗಳೂರಿನ ಬ್ರಾಂಚಿನಲ್ಲಿ ಕೇಳಿದರೆ, "ದೂರು ಹೆಡ್ ಆಫೀಸಿನಲ್ಲಿದೆ, ಅದು ಮುಗಿಯುವ ತನಕ ಲೆಕ್ಕ ಕೊಡೋಕಾಗಲ್ಲ" ಎನ್ನುತ್ತಾರೆ. ಹೀಗೆ ತಡೆಹಿಡಿಯಲು ಅವರಿಗೆ ಅಧಿಕಾರ ಇದೆಯೇ? ನಾನೇನು ಮಾಡಬೇಕು?

ಉತ್ತರ: ಇಲ್ಲ, ಅಂಥ ಅಧಿಕಾರ ಅವರಿಗಿಲ್ಲ. ದೂರು ಬಾಕಿ ಇದೆ ಎಂಬುದು ಲೆಕ್ಕ ಕೊಡದಿರಲು ಕಾರಣವಾಗುವುದಿಲ್ಲ. ದೂರು ಇರುವಾಗಲೇ ಲೆಕ್ಕ ಹೆಚ್ಚು ಬೇಕಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(11) 'ಸೇವಾ ನ್ಯೂನತೆ' ಎಂದರೇನು ಎಂದು ಹೇಳುವಾಗ, ಗ್ರಾಹಕನಿಗೆ ಸಂಬಂಧಪಟ್ಟ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದನ್ನೂ ಅದರೊಳಗೆ ಸೇರಿಸಿದೆ. 1986ರ ಹಳೆಯ ಕಾಯ್ದೆಯ ವ್ಯಾಖ್ಯೆಯಲ್ಲಿ ಈ ಮಾತು ಇಷ್ಟು ಬಿಡಿಸಿ ಇರಲಿಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿ ಈಗ ಇರುವುದು ಎರಡು ದೂರು. ಮೊತ್ತ ಹೆಚ್ಚಾಗಿದೆ ಎಂಬುದು ಒಂದು. ಲೆಕ್ಕ ಕೊಡುತ್ತಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಪತ್ರದಲ್ಲಿ ಕಲಸಬೇಡಿ.

ಏಕೆಂದರೆ, ಕಲಸಿದ ಪತ್ರಕ್ಕೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ: "ಒಪ್ಪಂದದ ಷರತ್ತಿನ ಪ್ರಕಾರವೇ ಶುಲ್ಕ ಹಾಕಲಾಗಿದೆ, ದೂರು ಮುಕ್ತಾಯಗೊಳಿಸಲಾಗಿದೆ." ದೂರಿನ ಸಂಖ್ಯೆ ಮುಚ್ಚಿಹೋಗುತ್ತದೆ, ಸ್ಟೇಟ್‌ಮೆಂಟ್ ಮಾತ್ರ ಬರುವುದಿಲ್ಲ. ಲೆಕ್ಕ ಕೇಳುವ ಪತ್ರ ಪ್ರತ್ಯೇಕವಾಗಿದ್ದರೆ ಅದಕ್ಕೆ ಹೀಗೆ ಉತ್ತರ ಕೊಡಲಾಗದು. ಕಾಗದ ಕೊಟ್ಟಿದ್ದಾರೆ ಅಥವಾ ಕೊಟ್ಟಿಲ್ಲ, ಎರಡರಲ್ಲಿ ಒಂದೇ. ಮುಂದೆ ಒಂಬುಡ್ಸ್‌ಮನ್ (ರಿಸರ್ವ್ ಬ್ಯಾಂಕಿನ ದೂರು ಇತ್ಯರ್ಥ ಅಧಿಕಾರಿ) ಎದುರಿಗೋ ಗ್ರಾಹಕರ ಆಯೋಗದ ಎದುರಿಗೋ ಹೋದಾಗ, ಮೊತ್ತದ ವಾದ ಎಷ್ಟೇ ಜಟಿಲವಾಗಿರಲಿ, ಇದನ್ನು ರುಜುವಾತು ಮಾಡುವುದು ಸುಲಭ.

ಮೊದಲು ನೀವೇ ಒಂದು ಲೆಕ್ಕ ಹಾಕಿ. 6 ಲಕ್ಷಕ್ಕೆ ಶೇ. 12 ಎಂದರೆ ತಿಂಗಳಿಗೆ ಶೇ. 1. ಮೊದಲ ಕಂತಿನಲ್ಲಿ ಬಡ್ಡಿ 6,000, ಅಸಲು 9,800. ಅಸಲು 5,90,200ಕ್ಕೆ ಇಳಿದ ಮೇಲೆ ಎರಡನೇ ಕಂತಿನಲ್ಲಿ ಬಡ್ಡಿ 5,902, ಅಸಲು 9,898. ಹೀಗೆ ಸಾಗಿದರೆ 14ನೇ ಕಂತಿನ ನಂತರ ಉಳಿಯುವ ಅಸಲು ಸುಮಾರು 4,53,500. ಕಂಪನಿ ಹೇಳುತ್ತಿರುವುದು 4,98,000. ವ್ಯತ್ಯಾಸ 44,500.

ಈ 44,500ರಲ್ಲಿ ನ್ಯಾಯವಾಗಿ ಎಷ್ಟು ಇರಬಹುದು? ಬದಲಾಗದ ದರದ ಸಾಲಕ್ಕೆ ಅವಧಿಗೆ ಮುಂಚೆ ತೀರಿಸುವ ಶುಲ್ಕ, ಅಂದರೆ ಫೋರ್‌ಕ್ಲೋಷರ್ ಚಾರ್ಜ್, ಇರಬಹುದು. ನಿಮ್ಮ ಒಪ್ಪಂದದಲ್ಲಿ ಅದು ಶೇ. 4 ಎಂದಿದ್ದರೆ ಸುಮಾರು 18,140. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 21,400ರ ಆಸುಪಾಸು. ಎರಡು ಕಂತಿನ ಬೌನ್ಸ್ ಚಾರ್ಜ್, ಅಂದರೆ ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದಾಗ ಹಾಕುವ ಶುಲ್ಕ, ತಲಾ 500 ಎಂದುಕೊಂಡರೆ 1,000. ತಡವಾದ ಕಂತಿಗೆ ವರ್ಷಕ್ಕೆ ಶೇ. 36ರಂತೆ ದಂಡ ಹಾಕಿದ್ದರೂ 20 ದಿನಕ್ಕೆ ಒಂದು ಕಂತಿಗೆ 312 ರೂಪಾಯಿ, ಎರಡಕ್ಕೆ 624. ಎಲ್ಲ ಕೂಡಿದರೂ ಸುಮಾರು 23,000 ಅಷ್ಟೇ. ಇನ್ನೂ 21,500ದಷ್ಟು ಎಲ್ಲಿಂದ ಬಂತು ಎಂದು ಕಂಪನಿ ಹೇಳಬೇಕು. ಇಲ್ಲಿ ಹಿಡಿದ ಶೇಕಡಾ ದರಗಳು ಉದಾಹರಣೆಗೆ. ನಿಮ್ಮ ಒಪ್ಪಂದದಲ್ಲಿರುವ ದರ ಹಾಕಿ ಮತ್ತೊಮ್ಮೆ ಕೂಡಿ ನೋಡಿ. "ಮೊತ್ತ ಜಾಸ್ತಿ ಆಗಿದೆ" ಎನ್ನುವ ದೂರಿಗೂ "21,500 ರೂಪಾಯಿಗೆ ವಿವರ ಇಲ್ಲ" ಎನ್ನುವ ದೂರಿಗೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ.

ಇಂಥ ಗಂಟು ಬೀಳುವ ಜಾಗಗಳು ಕೆಲವೇ. ಒಂದೇ ಕಂತಿಗೆ ಒಂದೇ ತಿಂಗಳಲ್ಲಿ ಮೂರ್ನಾಲ್ಕು ಬಾರಿ ಬ್ಯಾಂಕಿಗೆ ನ್ಯಾಚ್ (ನಿಮ್ಮ ಖಾತೆಯಿಂದ ಕಂತನ್ನು ತಾನಾಗಿ ಕಡಿತ ಮಾಡಿಕೊಳ್ಳುವ ಕೋರಿಕೆ) ಕಳಿಸಿ, ಪ್ರತಿ ಸಲ ವಾಪಸಾದಾಗಲೂ ಬೌನ್ಸ್ ಚಾರ್ಜ್ ಹಾಕಿರಬಹುದು. ವಸೂಲಿಗೆ ಬಂದವರ ಕೈಗೆ ನಗದು ಕೊಟ್ಟಿದ್ದರೆ ಆ ರಸೀದಿ ಖಾತೆಗೆ ಏರದೆ ಉಳಿದಿರಬಹುದು. ಸಾಲದ ಜೊತೆಗೇ ವಿಮೆಯ ಕಂತನ್ನು ಸೇರಿಸಿರಬಹುದು. ಎಲ್ಲಕ್ಕಿಂತ ಹೆಚ್ಚು ಜನರಿಗೆ ತಿಳಿಯದೇ ಇರುವುದು ಹಣ ಜಮಾ ಮಾಡಿಕೊಳ್ಳುವ ಕ್ರಮ. ನೀವು ಕಟ್ಟಿದ 15,800ರಲ್ಲಿ ಮೊದಲು ಹಳೆಯ ಶುಲ್ಕ ಕಳೆದುಕೊಂಡರೆ ಆ ತಿಂಗಳ ಕಂತಿಗೆ ಅಷ್ಟು ಕಡಿಮೆಯಾಗುತ್ತದೆ. ಕಂತು ಪೂರ್ತಿ ಬಂದಿಲ್ಲ ಎಂದು ಮತ್ತೆ ದಂಡ ಬೀಳುತ್ತದೆ. ಮುಂದಿನ ತಿಂಗಳು ಅದನ್ನೂ ಮೊದಲು ಕಳೆಯುತ್ತಾರೆ. ನೀವು ತಪ್ಪದೆ ಕಟ್ಟುತ್ತಿದ್ದರೂ ಖಾತೆಯಲ್ಲಿ 'ಓವರ್‌ಡ್ಯೂ', ಅಂದರೆ ಗಡುವು ಮೀರಿದ ಬಾಕಿ, ಬೆಳೆಯುತ್ತಾ ಹೋಗುತ್ತದೆ. ಇದು ಕಾಣುವುದು ದಿನಾಂಕವಾರು ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ, ಆ್ಯಪ್ ತೋರಿಸುವ ಒಟ್ಟು ಅಂಕಿಯಲ್ಲಿ ಅಲ್ಲ. ಅದಕ್ಕೇ ಬ್ರಾಂಚಿನವರು 'ಫೋರ್‌ಕ್ಲೋಷರ್ ಲೆಟರ್ ಕೊಡ್ತೀವಿ ಬನ್ನಿ' ಎಂದರೆ ಅಷ್ಟಕ್ಕೆ ತೃಪ್ತರಾಗಬೇಡಿ. ಅದರಲ್ಲಿ ಇರುವುದು ಕೊನೆಯ ಮೊತ್ತ. ನಿಮಗೆ ಬೇಕಾದದ್ದು ಸಾಲ ಬಿಡುಗಡೆಯಾದ ದಿನದಿಂದ ಇಂದಿನವರೆಗಿನ ಸ್ಟೇಟ್‌ಮೆಂಟ್, ಬ್ರಾಂಚಿನ ಮಾತಿನಲ್ಲಿ 'ಎಸ್‌ಒಎ'.

ಈ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮಗಳು ನಿಮ್ಮ ಪರವಾಗಿವೆ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಎಲ್ಲ ಚಿಲ್ಲರೆ ಮತ್ತು ಸಣ್ಣ ಉದ್ದಿಮೆಯ ಅವಧಿ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯಾಂಶ ಪತ್ರ, ಕೊಡುವುದು ಕಡ್ಡಾಯ. ನಿಮ್ಮ ಸಾಲ ನವೆಂಬರ್‌ನದು; ನಿಯಮದೊಳಗೇ ಬರುತ್ತದೆ. ಆ ಪತ್ರದಲ್ಲಿ ನಮೂದಾಗದ ಯಾವ ಶುಲ್ಕವನ್ನೂ ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಸಾಲದ ಅವಧಿಯಲ್ಲಿ ಹಾಕುವಂತಿಲ್ಲ. ಆದ್ದರಿಂದ ಮೊದಲು ಹುಡುಕಬೇಕಾದ ಕಾಗದ ಇದೇ. ಸಾಲ ಪಡೆದ ದಿನಗಳಲ್ಲಿ ಬಂದ ಇಮೇಲ್, ವಾಟ್ಸ್‌ಆ್ಯಪ್ ಪಿಡಿಎಫ್‌ಗಳನ್ನು ತೆರೆದು ನೋಡಿ. ತಡವಾದ ಕಂತಿಗೆ ಹಾಕುವುದು ದಂಡ ಶುಲ್ಕ ಆಗಿರಬೇಕೇ ಹೊರತು ದಂಡ ಬಡ್ಡಿ ಆಗಬಾರದು. ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಈ ಆದೇಶ ಹೊರಡಿಸಿತು, ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಅನ್ವಯ. ಇಂಥ ದಂಡ ಶುಲ್ಕದ ಮೇಲೆ ಜಿಎಸ್‌ಟಿ ಇಲ್ಲ ಎಂದು 2025ರ ಜನವರಿಯಲ್ಲಿ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೂ ಸ್ಪಷ್ಟಪಡಿಸಿದೆ. ಸಾಲದ ಒಪ್ಪಂದದ ಪ್ರತಿಯನ್ನು ಅದರ ಲಗತ್ತುಗಳ ಸಮೇತ ಕೊಡಬೇಕು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕು ಎಂಬುದು ಫೈನಾನ್ಸ್ ಕಂಪನಿಗಳ ನ್ಯಾಯೋಚಿತ ವ್ಯವಹಾರ ಸಂಹಿತೆಯಲ್ಲೇ ಇದೆ. ಕನ್ನಡದಲ್ಲೇ ಉತ್ತರ ಬೇಕು ಎಂದು ಪತ್ರದಲ್ಲಿ ಬರೆಯಿರಿ. ಅದು ದಾಕ್ಷಿಣ್ಯದ ಮಾತಲ್ಲ.

ಕಂಪನಿ ಎಲ್ಲವನ್ನೂ ಕೊಡಬೇಕಿಲ್ಲ ಎಂಬುದೂ ನಿಜ. ಅವರ ವಕೀಲರ ಸಲಹೆ, ಒಳಗಿನ ತನಿಖಾ ಟಿಪ್ಪಣಿ, ಬೇರೆ ಸಾಲಗಾರರ ವಿವರ, ಸಾಲ ಕೊಡಬಹುದೇ ಎಂದು ಅಳೆಯುವ ಅವರ ಒಳಸೂತ್ರ ಇವನ್ನು ಕೇಳಿದರೆ ಸಿಗುವುದಿಲ್ಲ. ಇಂಥದ್ದನ್ನೂ ಪಟ್ಟಿಗೆ ಸೇರಿಸಿದರೆ ಆ ಒಂದನ್ನು ತೋರಿಸಿ ಇಡೀ ಪತ್ರವನ್ನು ತಳ್ಳಿಹಾಕಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ನಿಮ್ಮ ಸಹಿ ಇರುವ ಕಾಗದ, ನಿಮ್ಮ ಹಣದ ಲೆಕ್ಕ, ನಿಮ್ಮ ಮೇಲೆ ಹಾಕಿದ ಶುಲ್ಕದ ಆಧಾರ, ಇಷ್ಟಕ್ಕೆ ಸೀಮಿತವಾಗಿರಿ. ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ಸಾಲದ ಖಾತೆ ಸಂಖ್ಯೆ ____. ಈ ಪತ್ರ ದಾಖಲೆಗಳಿಗಾಗಿ ಮಾತ್ರ. ದಿನಾಂಕ ____ರಂದು ಕೊಟ್ಟ ದೂರು ಸಂಖ್ಯೆ ____ಕ್ಕಿಂತ ಪ್ರತ್ಯೇಕ. ಸಾಲ ಬಿಡುಗಡೆಯಾದ ದಿನದಿಂದ ಇಂದಿನವರೆಗಿನ ದಿನಾಂಕವಾರು ಸ್ಟೇಟ್‌ಮೆಂಟ್. ಕಂತುಗಳ ಮೂಲ ವೇಳಾಪಟ್ಟಿ. ನಾನು ಸಹಿ ಮಾಡಿದ ಒಪ್ಪಂದ, ಮಂಜೂರಾತಿ ಪತ್ರ, ಮುಖ್ಯಾಂಶ ಪತ್ರ ಇವುಗಳ ಪ್ರತಿ. ಹಾಕಿರುವ ಪ್ರತಿ ಶುಲ್ಕದ ದಿನಾಂಕ, ಮೊತ್ತ ಮತ್ತು ಅದಕ್ಕೆ ಆಧಾರವಾದ ಒಪ್ಪಂದದ ಷರತ್ತಿನ ಸಂಖ್ಯೆ. ವಾಪಸಾದ ಪ್ರತಿ ನ್ಯಾಚ್‌ನ ದಿನಾಂಕ ಮತ್ತು ಕಾರಣ. ವಿಮೆ ಸೇರಿಸಿದ್ದರೆ ಪಾಲಿಸಿಯ ಪ್ರತಿ, ಇವನ್ನು 7 ದಿನಗಳೊಳಗೆ ಕೊಡಿ. ಕೊಡಲಾಗದ ದಾಖಲೆ ಇದ್ದರೆ ಯಾವುದು, ಯಾವ ನಿಯಮದಡಿ ಎಂದು ಲಿಖಿತವಾಗಿ ತಿಳಿಸಿ. ದೂರು ಬಾಕಿ ಇದೆ ಎಂಬ ಕಾರಣಕ್ಕೆ ಇವನ್ನು ತಡೆಹಿಡಿದರೆ ಅದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕಲಂ 2(11)ರ ಸೇವಾ ನ್ಯೂನತೆ ಎಂದು ಪರಿಗಣಿಸುತ್ತೇನೆ."

7 ದಿನ ಎಂಬುದು ಕಾನೂನಿನ ಗಡುವಲ್ಲ, ನೀವು ಹಾಕುವ ಗಡುವು. ಪತ್ರದ ಅತಿ ಮುಖ್ಯ ವಾಕ್ಯ 'ಯಾವ ನಿಯಮದಡಿ ಎಂದು ಲಿಖಿತವಾಗಿ ತಿಳಿಸಿ' ಎಂಬುದು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳುವುದನ್ನು ಕಾಗದದ ಮೇಲೆ ಬರೆಯಲು ಯಾವ ಅಧಿಕಾರಿಯೂ ಸುಲಭಕ್ಕೆ ಒಪ್ಪುವುದಿಲ್ಲ, ಏಕೆಂದರೆ ತೋರಿಸಲು ಅಂಥ ನಿಯಮ ಇಲ್ಲ.

ಪತ್ರವನ್ನು ಬ್ರಾಂಚಿಗೆ ಮಾತ್ರ ಕೊಟ್ಟು ಬರಬೇಡಿ. ಕುಂದುಕೊರತೆ ನಿವಾರಣಾ ಅಧಿಕಾರಿಯ ಹೆಸರು, ಫೋನ್, ಇಮೇಲ್ ಬ್ರಾಂಚಿನ ಗೋಡೆಯ ಮೇಲೆ ಕಾಣುವಂತೆ ಹಾಕಿರಬೇಕು ಎಂಬುದು ನಿಯಮ. ಅದರ ಫೋಟೊ ತೆಗೆದುಕೊಳ್ಳಿ. ಫಲಕ ಇಲ್ಲದಿದ್ದರೆ ಅದನ್ನೂ ಪತ್ರದಲ್ಲಿ ಸೇರಿಸಿ. ಆ ಅಧಿಕಾರಿಗೂ ಪ್ರಿನ್ಸಿಪಲ್ ನೋಡಲ್ ಆಫೀಸರ್‌ಗೂ (ಒಂಬುಡ್ಸ್‌ಮನ್ ಎದುರು ಕಂಪನಿಯ ಪರ ಉತ್ತರಿಸುವ ಅಧಿಕಾರಿ) ಇಮೇಲ್ ಮಾಡಿ, ಒಂದು ಪ್ರತಿ ಅಂಚೆಯಲ್ಲಿ ಕಳಿಸಿ. 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನವಾಗಿದೆ. ಹಾಗಾಗಿ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಕೇಳಿ, ಅದರೊಂದಿಗೆ ರಿಜಿಸ್ಟ್ರೇಷನ್ ಮತ್ತು ತಲುಪಿದ್ದಕ್ಕೆ ಪುರಾವೆ ಎರಡೂ ಬೇಕು ಎನ್ನಿ. ಟ್ರ್ಯಾಕಿಂಗ್ ಪುಟದಲ್ಲಿ ತಲುಪಿದ ದಿನಾಂಕ ಬಂದ ಕೂಡಲೇ ಮುದ್ರಿಸಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ತೆರೆಯದಿರುವ ಪರದೆಯನ್ನೂ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ನಾಳೆ ಅದು ಮತ್ತೆ ತೆರೆದುಕೊಂಡರೆ ತಡೆಹಿಡಿದಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಫೋನಿನಲ್ಲಿ ಮಾತಾಡಿದರೆ ಅದೇ ದಿನ "ನೀವು ಹೀಗೆ ಹೇಳಿದಿರಿ" ಎಂದು ಎರಡು ಸಾಲು ಇಮೇಲ್ ಹಾಕಿ.

ಇದರ ಜೊತೆಗೆ ನಿಮ್ಮ ಬ್ಯಾಂಕಿನಿಂದ, ಅಂದರೆ ಕಂತು ಕಡಿತವಾಗುವ ಉಳಿತಾಯ ಖಾತೆಯಿಂದ, ಸಾಲ ಶುರುವಾದ ದಿನದಿಂದ ಸ್ಟೇಟ್‌ಮೆಂಟ್ ತೆಗೆಸಿ. ಬ್ಯಾಂಕುಗಳಿಗೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ ಇರುವುದರಿಂದ ದೃಢೀಕೃತ ಪ್ರತಿ ಕೇಳಿದರೆ ಅದು ಸಾಕ್ಷ್ಯವಾಗಿ ನಡೆಯುತ್ತದೆ. ಕಂಪನಿ ಒಂದು ಹಾಳೆಯನ್ನೂ ಕೊಡದಿದ್ದರೂ ಯಾವ ದಿನ ಎಷ್ಟು ಹೋಯಿತು, ನ್ಯಾಚ್ ಎಷ್ಟು ಬಾರಿ ವಾಪಸಾಯಿತು ಎಂಬ ಅರ್ಧ ಕಥೆ ಇದರಲ್ಲೇ ಸಿಗುತ್ತದೆ.

ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ರಿಸರ್ವ್ ಬ್ಯಾಂಕಿನ ದೂರು ದಾಖಲಿಸುವ ಜಾಲತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ, ಸಹಾಯಕ್ಕೆ 14448. ಲೆಕ್ಕ ತಡೆಹಿಡಿಯುವ ಕಂಪನಿಗಳ ವಿಷಯದಲ್ಲಿ ಈ ಯೋಜನೆಗೆ ಒಂದು ಹರಿತವಾದ ಹಲ್ಲಿದೆ. ಒಂಬುಡ್ಸ್‌ಮನ್ ಕೇಳಿದ ಮಾಹಿತಿಯನ್ನೋ ದಾಖಲೆಯನ್ನೋ ಕಂಪನಿ ಸಮಯಕ್ಕೆ ಸರಿಯಾಗಿ ಕೊಡದೆ, ಆ ಕಾರಣಕ್ಕೇ ಅದರ ವಿರುದ್ಧ ಆದೇಶವಾದರೆ, ಕಂಪನಿಗೆ ಮೇಲ್ಮನವಿಯ ಹಕ್ಕೇ ಇರುವುದಿಲ್ಲ. ಆದ್ದರಿಂದ ನಿಮ್ಮ ದೂರಿನ ಮೊದಲ ಸಾಲಿನಲ್ಲೇ 'ಸಾಲದ ಲೆಕ್ಕ ಲಿಖಿತವಾಗಿ ಕೇಳಿದರೂ ಕೊಟ್ಟಿಲ್ಲ' ಎಂಬುದು ಬರಲಿ, ಮೊತ್ತದ ವಿಷಯ ಆಮೇಲೆ. ಇಲ್ಲಿ ಜನ ಎಡವುವುದು ಮೂರು ಕಡೆ. ಕಂಪನಿಗೆ ಮೊದಲು ಲಿಖಿತ ದೂರು ಕೊಡದೆ ನೇರ ಹೋಗುತ್ತಾರೆ, ತಿರಸ್ಕೃತವಾಗುತ್ತದೆ. ವಕೀಲರ ಮೂಲಕ ಹಾಕಿಸುತ್ತಾರೆ, ಅದಕ್ಕೂ ಅವಕಾಶವಿಲ್ಲ. ನೀವೇ ಹಾಕಬೇಕು, ಇಲ್ಲವೇ ವಕೀಲರಲ್ಲದ ಒಬ್ಬ ಪ್ರತಿನಿಧಿಗೆ ಅಧಿಕಾರ ಕೊಡಬೇಕು. ಮೂರನೆಯದು, ಅದೇ ವಿಷಯದಲ್ಲಿ ಗ್ರಾಹಕರ ಆಯೋಗದಲ್ಲೂ ಕೇಸು ಹೂಡಿರುತ್ತಾರೆ. ಹಾಗೆ ಎರಡು ದೋಣಿಯಲ್ಲಿ ಕಾಲಿಟ್ಟರೆ ಒಂಬುಡ್ಸ್‌ಮನ್ ದೂರು ನಿಲ್ಲುವುದಿಲ್ಲ. ನಿಮ್ಮಂಥ ಪ್ರಕರಣದಲ್ಲಿ ಮೊದಲು ಒಂಬುಡ್ಸ್‌ಮನ್, ಅಲ್ಲಿ ಆಗದಿದ್ದರೆ ಆಯೋಗ ಎಂಬ ಕ್ರಮವೇ ಒಳ್ಳೆಯದು.

ಆಯೋಗಕ್ಕೆ ಹೋಗಬೇಕಾಗಿ ಬಂದರೆ ಚೆನ್ನೈಗೋ ಮುಂಬೈಗೋ ಅಲೆಯಬೇಕಿಲ್ಲ. ಗ್ರಾಹಕ ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ನಿಮಗೆ ಚಿಕ್ಕಮಗಳೂರು; ಬೇಲೂರು, ಸಕಲೇಶಪುರ, ಆಲೂರಿನವರಿಗೆ ಹಾಸನ. ಸೇವೆಗೆ ಕೊಟ್ಟ ಪ್ರತಿಫಲ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲೂ ದಾಖಲಿಸಬಹುದು. ಕಾಲಮಿತಿ ಎರಡು ವರ್ಷ, ಎಣಿಕೆ ಶುರುವಾಗುವುದು ದೂರಿಗೆ ಕಾರಣ ಹುಟ್ಟಿದ ದಿನದಿಂದ. ಪತ್ರ ಬರೆಯುತ್ತಾ ಇದ್ದೇನೆ ಎಂದ ಮಾತ್ರಕ್ಕೆ ಗಡಿಯಾರ ನಿಲ್ಲುವುದಿಲ್ಲ. ಕಲಂ 38ರಡಿ ಆಯೋಗಕ್ಕೆ ಸಿವಿಲ್ ನ್ಯಾಯಾಲಯದಂತೆ ದಾಖಲೆ ತರಿಸುವ ಅಧಿಕಾರವಿದೆ. ಮೂಲ ದೂರಿನ ಜೊತೆಗೇ, ಕಂಪನಿ ಪೂರ್ತಿ ಸ್ಟೇಟ್‌ಮೆಂಟ್ ಹಾಜರುಪಡಿಸಬೇಕು ಎಂಬ ಪ್ರತ್ಯೇಕ ಅರ್ಜಿ ಹಾಕಿ. ಗಾಡಿ ಎಳೆದೊಯ್ಯುವ ಬೆದರಿಕೆ ಇದ್ದರೆ ಅದೇ ದಿನ ಮಧ್ಯಂತರ ಆದೇಶಕ್ಕೂ ಅರ್ಜಿ ಇರಲಿ. ಕಂಪನಿ ನೋಟಿಸು ತಲುಪಿದ 30 ದಿನದೊಳಗೆ ತನ್ನ ಉತ್ತರ ಸಲ್ಲಿಸಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದರಾಚೆಗೆ ಅವಕಾಶವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ನಿಮ್ಮ ಕೇಸಿನಲ್ಲಿ ಕಂಪನಿ ಎತ್ತುವ ಮೊದಲ ತಕರಾರು 'ಇದು ವಾಣಿಜ್ಯ ವಾಹನ, ಇವರು ಗ್ರಾಹಕರೇ ಅಲ್ಲ' ಎಂಬುದು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲು ಕೊಂಡದ್ದನ್ನು ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಕರೆಯುವುದಿಲ್ಲ. ಆದರೆ ದೂರಿನಲ್ಲಿ ಅದನ್ನು ನೀವೇ ಬಾಯಿಬಿಟ್ಟು ಹೇಳಿರಬೇಕು: ಒಂದೇ ಗಾಡಿ, ನಾನೇ ಚಾಲಕ, ಇದೇ ಸಂಸಾರದ ಆದಾಯ. ಚಾಲನಾ ಪರವಾನಗಿಯ ಪ್ರತಿ ಲಗತ್ತಿಸಿ. ಈ ಒಂದು ಪ್ಯಾರಾ ಬರೆಯದೆ ಸೋತ ದೂರುಗಳು ಕಡಿಮೆಯಲ್ಲ. ಎರಡನೇ ತಕರಾರು ಒಪ್ಪಂದದಲ್ಲಿರುವ ಮಧ್ಯಸ್ಥಿಕೆ ಷರತ್ತು. ಆರ್ಬಿಟ್ರೇಷನ್ ಷರತ್ತು ಇದೆ ಎಂದು ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದು 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಹಾಗೆಂದು ಆರ್ಬಿಟ್ರೇಟರ್ ನೋಟಿಸು ಬಂದರೆ ಡ್ರಾಯರಿಗೆ ಹಾಕಬೇಡಿ. ಕಂಪನಿ ತಾನೊಂದೇ ಆರಿಸಿದ ಮಧ್ಯಸ್ಥರಿಗೆ ನನ್ನ ಒಪ್ಪಿಗೆ ಇಲ್ಲ ಎಂದು ಕೂಡಲೇ ಲಿಖಿತ ಆಕ್ಷೇಪಣೆ ಕಳಿಸಿ. ಸುಮ್ಮನಿದ್ದರೆ ನಿಮ್ಮ ಬೆನ್ನ ಹಿಂದೆ ಆದೇಶವಾಗಿ, ಅದರ ಬಲದ ಮೇಲೆ ಗಾಡಿಗೆ ಕೈಹಾಕುತ್ತಾರೆ.

ಇಷ್ಟೆಲ್ಲ ನಡೆಯುವಾಗ ಕಂತು ನಿಲ್ಲಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 'ಲೆಕ್ಕ ಕೊಡುವ ತನಕ ಕಟ್ಟಲ್ಲ' ಎಂದು ಹಟ ಹಿಡಿದರೆ ಸುಸ್ತಿ ನಿಮ್ಮ ತಲೆಗೆ ಬರುತ್ತದೆ, ಮಾಹಿತಿ ಮುಚ್ಚಿಟ್ಟ ಕಂಪನಿ ಪಾರಾಗುತ್ತದೆ. ಸಾಲ ಪೂರ್ತಿ ತೀರಿಸುವಷ್ಟು ಹಣ ಈಗಲೇ ಕೈಯಲ್ಲಿದ್ದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. 4,53,500ರ ಮೇಲೆ ಮುಂದಿನ ಮೂರು ತಿಂಗಳಿಗೆ ಬೀಳುವ ಬಡ್ಡಿಯೇ 13,200ಕ್ಕೂ ಹೆಚ್ಚು. ವಿವಾದದ ಮೊತ್ತ 21,500. ಹಾಗಾಗಿ ಕೇಳಿದಷ್ಟನ್ನೂ ಕಟ್ಟಿ ಸಾಲ ಮುಗಿಸಿ, ಹೆಚ್ಚುವರಿ ಹಣಕ್ಕೆ ಆಮೇಲೆ ಹೋರಾಡುವುದು ಎಷ್ಟೋ ಸಲ ಮೇಲು. ಕಟ್ಟುವ ಮೊದಲು "21,500 ರೂಪಾಯಿಗೆ ಆಕ್ಷೇಪಣೆ ಉಳಿಸಿಕೊಂಡು ಕಟ್ಟುತ್ತಿದ್ದೇನೆ, ಮರುಪಾವತಿ ಕೇಳುವ ಹಕ್ಕು ಬಿಟ್ಟಿಲ್ಲ" ಎಂದು ಇಮೇಲ್ ಹಾಕಿ. ಹಣವನ್ನು ಖಾತೆಯಿಂದ ಖಾತೆಗೇ ಕಳಿಸಿ. 'ನನಗೆ ಯಾವ ತಕರಾರೂ ಇಲ್ಲ' ಎಂದು ಮುದ್ರಿಸಿದ ಹಾಳೆಗೆ ಸಹಿ ಕೇಳಿದರೆ ಮಾತ್ರ ಹಾಕಬೇಡಿ. ಎನ್‌ಒಸಿ (ಸಾಲ ತೀರಿದ ಮೇಲೆ ಕಂಪನಿ ಕೊಡುವ ನಿರಾಕ್ಷೇಪಣಾ ಪತ್ರ) ಬೇಕಾದರೆ ಆ ಹಾಳೆಗೆ ಸಹಿ ಹಾಕಿ ಎಂದು ಒತ್ತಾಯಿಸಿದರೆ, ಆ ಒತ್ತಾಯವನ್ನೂ ಇಮೇಲಿನಲ್ಲಿ ದಾಖಲಿಸಿ.

ಸಿಬಿಲ್ ವರದಿಯನ್ನೂ, ಅಂದರೆ ನೀವು ಸಾಲ ಕಟ್ಟಿದ ರೀತಿಯ ದಾಖಲೆಯನ್ನೂ, ತೆಗೆದು ನೋಡಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಕಂಪನಿ ನಿಮಗೆ ಹೇಳದ 'ಓವರ್‌ಡ್ಯೂ' ಅಂಕಿ ಅಲ್ಲಿ ತಿಂಗಳವಾರು ಕಾಣಿಸಬಹುದು, ಅಂದರೆ ತಡೆಹಿಡಿದ ಲೆಕ್ಕದ ಒಂದು ತುಣುಕು ಹಿಂಬಾಗಿಲಿನಿಂದ ಸಿಕ್ಕಂತೆ. ತಪ್ಪಿದ್ದರೆ ಅಲ್ಲೇ ತಿದ್ದುಪಡಿ ಕೇಳಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಅಲ್ಲಿಂದಾಚೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ.

ಮಾಹಿತಿ ಹಕ್ಕು ಅರ್ಜಿ ಖಾಸಗಿ ಫೈನಾನ್ಸ್ ಕಂಪನಿಗೆ ನಡೆಯುವುದಿಲ್ಲ. ಸರ್ಕಾರಿ ಬ್ಯಾಂಕು, ಎಲ್‌ಐಸಿ, ವಿದ್ಯುತ್ ಕಂಪನಿಗಳಾದ ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್ ಇಂಥವು ನಿಮ್ಮ ಖಾತೆಯ ವಿವರ ಕೊಡದಿದ್ದರೆ ಮಾತ್ರ 10 ರೂಪಾಯಿಯ ಅರ್ಜಿ ಕೆಲಸಕ್ಕೆ ಬರುತ್ತದೆ. ಉತ್ತರಕ್ಕೆ 30 ದಿನ. ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು, ದೂರವಾಣಿ 15100. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ದೂರು ದಾಖಲಿಸಬಹುದು. ಆದರೆ ಅದು ಕಂಪನಿಯನ್ನು ಮಾತಿಗೆ ಎಳೆಯುವ ವೇದಿಕೆ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ.

ಸಾಲ ತೀರಿದ ಮೇಲೆ ಎನ್‌ಒಸಿ ಜೊತೆಗೆ ಕಂಪನಿ ಸಹಿ ಮಾಡಿದ ಫಾರಂ 35 ಪಡೆದು, ಚಿಕ್ಕಮಗಳೂರು ಆರ್‌ಟಿಒದಲ್ಲಿ ಆರ್‌ಸಿಯ ಮೇಲಿನ ಸಾಲದ ನಮೂದು ತೆಗೆಸಿ. ನ್ಯಾಚ್ ಮ್ಯಾಂಡೇಟ್ ರದ್ದಾಗಿದೆಯೇ ಎಂದು ನಿಮ್ಮ ಬ್ಯಾಂಕಿನಲ್ಲೂ ವಿಚಾರಿಸಿ. ಅದು ರದ್ದಾಗದೆ ಉಳಿದರೆ ಸಾಲ ಮುಗಿದ ಮುಂದಿನ ತಿಂಗಳೂ ಕಂತು ಕಡಿತವಾಗಬಹುದು. ಸೊನ್ನೆ ಬಾಕಿ ತೋರಿಸುವ ಕೊನೆಯ ಸ್ಟೇಟ್‌ಮೆಂಟ್‌ಗೂ ಅದೇ ದಿನ ಲಿಖಿತವಾಗಿ ಕೋರಿಕೆ ಸಲ್ಲಿಸಿ. ಖಾತೆ ಮುಚ್ಚಿದ ಮೇಲೆ ಆ್ಯಪ್‌ನೊಳಗೆ ಹೋಗಲು ಆಗದೆ ಇರಬಹುದು.